ಹತ್ತು ಹುಡುಗರ ಬಲಗಾಲು

ಸಿರುಗುಪ್ಪದ ಹೈಸ್ಕೂಲಿಗೆ ನಾನು ಡ್ರಿಲ್ ಮಾಸ್ತರನಾಗಿ ಸೇರಿದಾಗ ನನ್ನ ಎರಡೂ ಕಾಲು ಸರಿಯಾಗಿದ್ದವು. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ನನ್ನ ಹತ್ತಿರ ಕಲಿತ ಹುಡುಗರು ಅದನ್ನು ಕಂಡವರಲ್ಲ. ಅವರ ಪಾಲಿಗೆ ನಾನು ಹುಟ್ಟಿದಾಗಿನಿಂದ ಕುಂಟುತ್ತಾ ಸೀಟಿ ಊದುತ್ತಾ ಬಂದ ಮನುಷ್ಯ.

ನಮ್ಮೂರು ಕುರುಗೋಡು. ಹೈಸ್ಕೂಲು ಓದಿದ್ದು ಬಳ್ಳಾರಿಯಲ್ಲಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು. ಯುದ್ಧದ ಕಾಲ ಅದು. ದಂಡಿನ ಕಡೆಯ ಬಯಲಿನಲ್ಲಿ ಸಿಪಾಯಿಗಳು ಸಂಜೆ ಹೊತ್ತು ಫುಟ್‌ಬಾಲ್ ಆಡುತ್ತಿದ್ದರು. ನಾವು ನಾಲ್ಕೈದು ಹುಡುಗರು ಗೆರೆಯ ಆಚೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆವು. ಚೆಂಡು ಹೊರಗೆ ಬಂದರೆ ಎದ್ದು ಒದ್ದು ವಾಪಸು ಕಳಿಸುವುದೇ ನಮ್ಮ ಪಾಲಿನ ಆಟ. ಹಾಗೆ ಕಳಿಸುತ್ತಾ ಕಳಿಸುತ್ತಾ ಕಲಿತೆವು. ಯಾರೂ ಒಂದು ಮಾತು ಹೇಳಿಕೊಡಲಿಲ್ಲ. ಆ ನಾಲ್ಕೈದು ಜನರಲ್ಲಿ ಒಬ್ಬ ನನಗೆ ಜೀವದ ಗೆಳೆಯನಾದ. ಸ್ಕೂಲಿನ ತಂಡದಲ್ಲಿ ಅವನು ಬಲಗಡೆಯ ಅಂಚಿನಲ್ಲಿ ಓಡುವವನು, ನಾನು ಅವನ ಪಕ್ಕದಲ್ಲೇ ಒಳಗಿನವನು. ಅವನ ಕಾಲಿಂದ ನನ್ನ ಕಾಲಿಗೆ ಚೆಂಡು ಬರುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಅಷ್ಟು ಹೊಂದಿಕೆ. ಮುಂದೆ ಅವನು ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆದ. ನಾನು ಮದರಾಸಿಗೆ ಹೋಗಿ ಒಂದು ವರ್ಷ ವ್ಯಾಯಾಮ ಶಿಕ್ಷಣದ ಸರ್ಟಿಫಿಕೇಟು ಮಾಡಿಕೊಂಡು ಬಂದೆ, ಸಿರುಗುಪ್ಪದಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಒಂದೇ ಒಂದು ಚೆಂಡಿತ್ತು. ತೊಗಲಿನದು, ಬಾಯಿಗೆ ಲಾಡಿ ಹಾಕಿ ಬಿಗಿಯುವಂಥದ್ದು. ಒಳಗಿನ ಬ್ಲಾಡರಿಗೆ ಸೈಕಲ್ ಅಂಗಡಿಯಲ್ಲಿ ಗಾಳಿ ಹಾಕಿಸಬೇಕು. ಬಯಲು ಎರೆಮಣ್ಣಿನದು. ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಒಂದೊಂದು ಪಾದವೂ ಸೇರುಗಲ್ಲಿನಷ್ಟು ಭಾರ ಆಗುತ್ತಿತ್ತು, ಬೇಸಿಗೆಯಲ್ಲಿ ಬಿರುಕಿನೊಳಗೆ ಅಂಗೈ ಇಳಿಯುತ್ತಿತ್ತು. ಆದರೂ ಮೊದಲ ಎರಡು ವರ್ಷ ನನಗೆ ಅದೇನೂ ಕೊರತೆ ಅನ್ನಿಸಲಿಲ್ಲ. ನಾಲ್ಕು ಗಂಟೆಗೆ ಗಂಟೆ ಹೊಡೆದರೆ ಹುಡುಗರಿಗಿಂತ ಮೊದಲು ನಾನೇ ಬಯಲಿನಲ್ಲಿರುತ್ತಿದ್ದೆ.

ಸ್ವಾತಂತ್ರ್ಯ ಬಂದ ಮರುವರ್ಷದ ಮುಂಗಾರಿನಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಹೊಲದಿಂದ ವಾಪಸು ಬರುವಾಗ ಹಳ್ಳದ ಇಳಿಜಾರಿನಲ್ಲಿ ಬಂಡಿ ಜಾರಿತು. ನಾನು ಕೆಳಗಿಳಿದು ಗಾಲಿಗೆ ಹೆಗಲು ಕೊಟ್ಟಿದ್ದೆ. ಎತ್ತುಗಳು ಬೆದರಿ ಹಿಂದಕ್ಕೆ ಸರಿದವು, ಬಂಡಿ ಮಗುಚಿ ಅದರ ಅಚ್ಚು ನನ್ನ ಬಲ ಮೊಣಕಾಲಿನ ಮೇಲೆ ಕೂತಿತು. ಅಪ್ಪ, ಇನ್ನಿಬ್ಬರು ಆಳುಗಳು ಸೇರಿ ಬಂಡಿ ಎತ್ತುವಷ್ಟರಲ್ಲಿ ನಾನು ಎಷ್ಟು ಕೂಗಿದೆನೋ ನೆನಪಿಲ್ಲ. ಕಾಲು ನೋಡಿದ್ದು ಮಾತ್ರ ನೆನಪಿದೆ. ಅದು ನನ್ನ ಕಾಲಿನ ಹಾಗೆ ಕಾಣಲಿಲ್ಲ.

ಬಳ್ಳಾರಿಯ ಆಸ್ಪತ್ರೆಗೆ ಒಯ್ಯಬೇಕಿತ್ತು. ಮಳೆ ನಿಲ್ಲಲಿಲ್ಲ, ಹಳ್ಳ ಇಳಿಯಲಿಲ್ಲ, ನಾಲ್ಕು ದಿನ ಬಸ್ಸು ಬರಲಿಲ್ಲ. ಅಪ್ಪ ಮೂಳೆ ಕಟ್ಟುವವರನ್ನು ಕರೆಸಿದರು. ಮುದುಕರು ಮೊಟ್ಟೆಯ ಬಿಳಿ, ಯಾವುದೋ ಸೊಪ್ಪು ಅರೆದು ಬಳಿದು, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. "ಎರಡು ತಿಂಗಳು ಅಲುಗಾಡಬ್ಯಾಡಪ್ಪ. ಆಮ್ಯಾಲ ಕುದುರಿ ಹಂಗ ಓಡ್ತಿ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ತಿಳಿದದ್ದನ್ನು ಮಾಡಿದರು. ದಬ್ಬೆ ಬಿಚ್ಚಿದ ದಿನ ಕಾಲು ನೆಟ್ಟಗೆ ನಿಂತಿತು, ಮಡಚಲಿಲ್ಲ. ಎಣ್ಣೆ ತಿಕ್ಕಿದರು, ಬಿಸಿನೀರು ಹೊಯ್ದರು. ಅಮ್ಮ ಬೆಳಗ್ಗೆ ಸಂಜೆ ಕಾಲು ಹಿಡಿದುಕೊಂಡು ಕೂತು ಬಗ್ಗಿಸಲು ನೋಡುತ್ತಿದ್ದಳು, ನನಗೆ ನೋವಾಗುವುದು ಕಂಡು ತಾನೇ ಬಿಟ್ಟುಬಿಡುತ್ತಿದ್ದಳು. ಸಂತೆಯಲ್ಲಿ ಕೊಂಡ ಒಣಕಟ್ಟಿಗೆಯ ಹಾಗೆ ಆ ಕಾಲು ನನ್ನ ಸೊಂಟಕ್ಕೆ ಜೋತುಕೊಂಡು ಉಳಿಯಿತು. ಬಳ್ಳಾರಿಯ ಡಾಕ್ಟರು ನೋಡಿ, ಕಾಲ ಮೀರಿದೆ ಎಂದರು.

ಕೆಲಸ ಹೋಯಿತೆಂದೇ ತಿಳಿದು ಸಿರುಗುಪ್ಪಕ್ಕೆ ಹೋದೆ, ರಾಜೀನಾಮೆ ಬರೆದುಕೊಂಡೇ ಹೋಗಿದ್ದೆ. ಹೆಡ್‌ಮಾಸ್ತರು ಕನ್ನಡಕ ಹಣೆಗೆ ಏರಿಸಿ ಕಾಗದ ಓದಿದರು. ಒಳ್ಳೆಯ ಮನುಷ್ಯ, ಆದರೆ ಆಟದ ವಿಷಯ ಬಂದರೆ ಅವರಿಗೆ ಯಾವುದೂ ಗಂಭೀರ ಅಲ್ಲ.

"ಅಲ್ರೀ ಮಾಸ್ತರ, ಸೀಟಿ ಊದಾಕ ಕಾಲ್ಯಾಕ ಬೇಕ್ರಿ?" ಅಂದರು. "ಸುಮ್ನ ಬರ್ರಿ. ನಿಮ್ಮನ್ನ ಬಿಟ್ಟ್ರ ಜಿಲ್ಲಾ ಬೋರ್ಡಿನವ್ರು ಇಲ್ಲಿಗೆ ಇನ್ಯಾರ್ನೂ ಕಳಸಾಂಗಿಲ್ಲ."

ಕಾಗದ ಹರಿದು ಬುಟ್ಟಿಗೆ ಹಾಕಿದರು. ನಾನು ಅತ್ತುಬಿಟ್ಟೆ. ಖುಷಿಗೋ ಇನ್ನೇನಕ್ಕೋ ಆಗ ತಿಳಿಯಲಿಲ್ಲ.

ಅಂದಿನಿಂದ ಮೂರು ವರ್ಷ ಕಲಿಸಿದೆ. ಹಳೆಯ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಹೋದರು, ಹೊಸಬರು ಬಂದರು. ಅವರಲ್ಲಿ ಒಬ್ಬನೂ ಅದುವರೆಗೆ ಫುಟ್‌ಬಾಲ್ ನೋಡಿದವನಲ್ಲ. ಡ್ರಿಲ್ಲಿನ ಹಾಗೆ ಲೆಕ್ಕ ಹೇಳಿ ಕಲಿಸುವುದು ನನ್ನ ಪದ್ಧತಿ. ಒಂದು ಅಂದರೆ ಎಡಗಾಲು ಚೆಂಡಿನ ಪಕ್ಕಕ್ಕೆ. ಎರಡು ಅಂದರೆ ಬಲಗಾಲು ಹಿಂದಕ್ಕೆ. ಮೂರು ಅಂದರೆ ಒದೆ. ಉರುಳಿ ಬರುವ ಚೆಂಡನ್ನು ಅಂಗಾಲಿನಲ್ಲಿ ತಡೆದು ನಿಲ್ಲಿಸುವುದು, ಪಾದದ ಒಳಮಗ್ಗುಲಿನಿಂದ ಜೊತೆಗಾರನಿಗೆ ದಾಟಿಸುವುದು, ಕಲ್ಲು ಸಾಲಾಗಿಟ್ಟು ಅವುಗಳ ನಡುವೆ ಚೆಂಡನ್ನು ಕಾಲಲ್ಲೇ ನಡೆಸುವುದು, ಎಲ್ಲವೂ ಲೆಕ್ಕದ ಮೇಲೆ. ಬಾಯಲ್ಲಿ ಹೇಳಿದರೆ ಹುಡುಗರಿಗೆ ಅರ್ಥವಾಗುತ್ತಿರಲಿಲ್ಲ, ತೋರಿಸಬೇಕಿತ್ತು. ತೋರಿಸುತ್ತಿದ್ದೆ. ಬಲಗಾಲ ಮೇಲೆ ಭಾರ ಬಿಡುವ ಹಾಗಿಲ್ಲದ್ದರಿಂದ ಎಡಗಾಲಲ್ಲಿ ಒದೆಯಲಾಗುತ್ತಿರಲಿಲ್ಲ. ಎಡಗಾಲ ಮೇಲೆ ನಿಂತು, ಬಲಗಾಲನ್ನು ಸೊಂಟದಿಂದಲೇ ಬೀಸಿ ಒದೆಯುತ್ತಿದ್ದೆ. ಚೆಂಡು ಹೋಗುತ್ತಿತ್ತು. ಅಷ್ಟು ಹೋದರೆ ನನಗೆ ಸಾಕಿತ್ತು. ಒದೆಯುವಾಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬಳ್ಳಾರಿಯ ಬಯಲಿನ ನನ್ನ ಹಳೆಯ ಒದೆತವೇ. ಹೊರಗಿನಿಂದ ಅದು ಹೇಗೆ ಕಾಣುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

ಆ ಹುಡುಗರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬ ತೆಕ್ಕಲಕೋಟೆಯವನು, ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ಇಟ್ಟಿದ್ದ ಸೋದರಮಾವನ ಮನೆಯಲ್ಲಿ ಉಳಿದಿದ್ದ. ಎತ್ತರದ ಆಳು, ಮಾತು ಕಡಿಮೆ. ಹೇಳಿದ್ದನ್ನು ನೂರು ಸಲ ಮಾಡು ಅಂದರೆ ನೂರಾ ಹತ್ತು ಸಲ ಮಾಡುವವನು. ಅವನನ್ನೇ ಮುಂದಾಳು ಮಾಡಿದ್ದೆ. ಇನ್ನೊಬ್ಬ ದರ್ಜಿಯ ಮಗ, ಗಿಡ್ಡ. ಓಡುವುದು ಅವನಿಗೆ ಬೇಸರ. ಅದಕ್ಕೇ ಗೋಲಿನಲ್ಲಿ ನಿಲ್ಲಿಸಿದ್ದೆ. ಚೆಂಡನ್ನು ಕೈಯಲ್ಲಿ ಹಿಡಿದು ಕೈಯಲ್ಲೇ ಎಸೆಯುತ್ತಿದ್ದ, ಕಾಲಿನ ತಂಟೆಗೆ ಹೋಗುತ್ತಿರಲಿಲ್ಲ.

ಐವತ್ತೊಂದರ ಚಳಿಗಾಲ. ಬಳ್ಳಾರಿಯಲ್ಲಿ ಹೈಸ್ಕೂಲುಗಳ ಪಂದ್ಯಾಟ ಅಂತ ಕಾಗದ ಬಂತು. ನಮ್ಮ ಶಾಲೆಯಿಂದ ಫುಟ್‌ಬಾಲಿಗೆ ಯಾರೂ ಹೋದದ್ದಿರಲಿಲ್ಲ. ನಾನು ಕೇಳಿದೆ, ಹೆಡ್‌ಮಾಸ್ತರು ಒಪ್ಪಿದರು. ಬೆಳಗಿನ ಬಸ್ಸಿನಲ್ಲಿ ಹೊರಟೆವು. ಬುತ್ತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗರು ದಾರಿಯುದ್ದಕ್ಕೂ ಹಾಡಿದರು. ಬಳ್ಳಾರಿಯ ಗುಡ್ಡ ದೂರದಿಂದ ಕಂಡಾಗ ಮುಂದಾಳು ನನ್ನ ಕಡೆ ತಿರುಗಿ, "ಸಾರ್, ನಾವು ಗೆಲ್ತೀವೇನ್ರಿ?" ಎಂದು ಕೇಳಿದ. ಅವನು ಅಷ್ಟು ಉದ್ದ ಮಾತಾಡಿದ್ದೇ ಅಪರೂಪ. "ಕಲಿಸಿದಂಗ ಆಡ್ರಿ. ಗೆಲ್ತೀರಿ" ಅಂದೆ.

ಅವರು ಕಲಿಸಿದ ಹಾಗೆಯೇ ಆಡಿದರು.

ಎದುರಿನವರು ಪಟ್ಟಣದ ಶಾಲೆಯ ಹುಡುಗರು. ಅರ್ಧ ಜನಕ್ಕೆ ಬೂಟು ಇದ್ದವು. ನಮ್ಮವರು ಎಲ್ಲರೂ ಬರಿಗಾಲು. ಆಟ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಗೆರೆಯ ಸುತ್ತ ನಿಂತವರಲ್ಲಿ ಯಾರೋ ನಕ್ಕರು. ನಾನು ಗಮನ ಕೊಡಲಿಲ್ಲ. ಮುಂದಾಳಿಗೆ ಚೆಂಡು ಸಿಕ್ಕಿತು, ಮುಂದೆ ಒಬ್ಬನೂ ಇಲ್ಲ, ಗೋಲು ಬಾಯಿ ತೆರೆದುಕೊಂಡಿದೆ. ಅವನು ಒದೆಯುವಷ್ಟರಲ್ಲಿ ಎದುರಿನವನೊಬ್ಬ ಬಂದು ಚೆಂಡು ಕಿತ್ತುಕೊಂಡು ಹೋದ. ನಗು ಜೋರಾಯಿತು. ಇನ್ನೊಬ್ಬನಿಗೆ ಸಿಕ್ಕಿತು, ಅವನದ್ದೂ ಅದೇ ಗತಿ. ಪ್ರತಿಯೊಬ್ಬನೂ ಒಂದು ಗಳಿಗೆ ತಡ ಮಾಡುತ್ತಿದ್ದ. ಆ ಒಂದು ಗಳಿಗೆಯಲ್ಲಿ ಚೆಂಡು ಹೋಗಿಬಿಡುತ್ತಿತ್ತು. ಗೆರೆಯ ಹೊರಗಿನ ಚಿಕ್ಕ ಮಕ್ಕಳು "ಕುಂಟಾಬಿಲ್ಲೆ! ಕುಂಟಾಬಿಲ್ಲೆ!" ಎಂದು ಕೂಗುತ್ತಾ ಒಂಟಿಗಾಲಲ್ಲಿ ಕುಪ್ಪಳಿಸತೊಡಗಿದರು. ಯಾಕೆ ಹಾಗೆ ಕೂಗುತ್ತಿದ್ದಾರೆಂದು ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಹಳ್ಳಿಯವರೆಂದು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಅರ್ಧ ಆಟಕ್ಕೆ ಐದು ಗೋಲು ಬಿದ್ದಿದ್ದವು. ದರ್ಜಿಯ ಮಗ ಇಲ್ಲದಿದ್ದರೆ ಹತ್ತು ಬೀಳಬೇಕಿತ್ತು. ಬಿಡುವಿಗೆ ರೆಫರಿ ಸೀಟಿ ಊದಿದಾಗ ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿದರೆ ನನ್ನ ಹಳೆಯ ಗೆಳೆಯ. ಮಿಲ್ಲಿನ ಅಂಗಿಯಲ್ಲೇ ಬಂದಿದ್ದ, ತಲೆಯ ಮೇಲೆ ಹತ್ತಿಯ ಎಳೆ. ನನ್ನ ಕಾಲಿಗೆ ಹೀಗಾದದ್ದು ಅವನಿಗೆ ಗೊತ್ತಿತ್ತು, ನಾನು ಆಸ್ಪತ್ರೆಗೆ ಬಂದಾಗ ಜೊತೆಗಿದ್ದವನು.

"ಲೇ, ನಿನ್ನ ಹುಡುಗ್ರನ್ನ ನೋಡಿದ್ಯೇನಲೇ?" ಅಂದ.

"ಅದನ್ನ ಬಿಟ್ಟು ಇನ್ನೇನು ಮಾಡಾಕತ್ತೀನಿ?"

"ಚೆಂಡು ನೋಡಾಕತ್ತಿ. ಹುಡುಗ್ರ ಕಾಲು ನೋಡು." ಅವನು ದನಿ ತಗ್ಗಿಸಿದ. "ಎಲ್ಲಾರೂ ನಿನ್ನಂಗ ಒದೀತಾರಲೇ."

ನೀರು ಕುಡಿದ ಇಬ್ಬರು ಹುಡುಗರು ಅಲ್ಲೇ ಚೆಂಡನ್ನು ಒಬ್ಬರಿಗೊಬ್ಬರು ದಾಟಿಸುತ್ತಿದ್ದರು. ನೋಡಿದೆ. ಒದೆಯುವ ಮೊದಲು ಎಡಗಾಲ ಮೇಲೆ ಒಂದು ಸಣ್ಣ ಕುಪ್ಪಳ. ಮೈ ಎಡಕ್ಕೆ ವಾಲುತ್ತದೆ. ಬಲಗೈ ರೆಕ್ಕೆಯ ಹಾಗೆ ಹೊರಕ್ಕೆ ಚಾಚುತ್ತದೆ. ಬಲಗಾಲು ಮೊಣಕಾಲಲ್ಲಿ ಮಡಚದೆ, ಬಾಗಿಲು ತೆರೆದ ಹಾಗೆ, ಸೊಂಟದಿಂದ ಬೀಸುತ್ತದೆ. ಇನ್ನೊಬ್ಬನೂ ಹಾಗೆಯೇ ತಿರುಗಿ ಒದ್ದ. ಕುಪ್ಪಳ, ವಾಲು, ಕೈ, ಕಾಲು. ಅವರು ನನ್ನನ್ನು ಅಣಕಿಸುತ್ತಿದ್ದಾರೆ ಅನ್ನುವಷ್ಟು ಸರಿಯಾಗಿತ್ತು. ಅಣಕ ಅಲ್ಲವೆಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅಷ್ಟು ಶ್ರದ್ಧೆಯ ಮುಖ.

ನನ್ನ ಕೈಯಲ್ಲಿ ಹೋಳು ಮಾಡಿದ ಮೋಸಂಬಿಯ ತಟ್ಟೆ ಇತ್ತು. ಹಂಚಬೇಕಿತ್ತು, ಹಂಚಲಿಲ್ಲ. ಗೆಳೆಯನೇ ತಟ್ಟೆ ಇಸಿದುಕೊಂಡು ಹಂಚಿದ. ಮುಂದಾಳು ಬೆವರು ಒರೆಸಿಕೊಳ್ಳುತ್ತಾ ನನ್ನ ಮುಂದೆ ಬಂದು ನಿಂತ.

"ಸಾರ್, ಅವ್ರು ಯಾಕ್ರಿ ನಗತಾರ?"

ಆಗ ನಿಜ ಹೇಳಬಹುದಿತ್ತು. ಹೇಳಿದರೂ ಏನಾಗುತ್ತಿತ್ತು? ಮೂರು ವರ್ಷ ಕಲಿತದ್ದನ್ನು ಹತ್ತು ನಿಮಿಷದ ಬಿಡುವಿನಲ್ಲಿ ಮರೆಯಿರಿ ಎನ್ನಬೇಕಿತ್ತೇ? ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು ಆಮೇಲೆ. ಆ ಹೊತ್ತಿನಲ್ಲಿ ಬಾಯಿಂದ ಬಂದದ್ದು ಬೇರೆ.

"ನೀವು ಬರಿಗಾಲಾಗ ಆಡ್ತೀರಲ್ಲ, ಅದಕ್ಕ ನಗತಾರ" ಅಂದೆ.

ಅವನು ತನ್ನ ಪಾದ ನೋಡಿಕೊಂಡ, ತಲೆಯಾಡಿಸಿ ಆಟಕ್ಕೆ ಹೋದ. ಎರಡನೆಯ ಅರ್ಧವನ್ನು ನಾನು ನೋಡಲಿಲ್ಲ. ನೆಲ ನೋಡುತ್ತಾ ನಿಂತಿದ್ದೆ. ಕೂಗಿನ ಮೇಲಿಂದ ಗೋಲು ಎಣಿಸಿದೆ. ಒಟ್ಟು ಒಂಬತ್ತು. ನಮ್ಮದು ಒಂದೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ದರ್ಜಿಯ ಮಗ ಮಾತ್ರ ತನ್ನ ಊದಿದ ಬೆರಳುಗಳನ್ನು ಎಲ್ಲರಿಗೂ ತೋರಿಸುತ್ತಿದ್ದ.

ಆ ಸುಳ್ಳಿನ ಫಲ ಮೂರು ವಾರಕ್ಕೆ ಬಂತು. ಒಂದು ಸಂಜೆ ಮುಂದಾಳು ಬಯಲಿಗೆ ಒಂದು ಗೋಣಿಚೀಲ ಹೊತ್ತು ತಂದು ನನ್ನ ಮುಂದೆ ಸುರಿದ. ಮಿಲಿಟರಿಯವರ ಹಳೆಯ ಬೂಟುಗಳು. ಬಳ್ಳಾರಿಯಲ್ಲಿ ಗುಜರಿಯವರು ಮಾರುತ್ತಿದ್ದದ್ದನ್ನು ಮಾವನ ಮಿಲ್ಲಿನ ಲಾರಿಯವನಿಗೆ ಹೇಳಿ ತರಿಸಿದ್ದ. ಬಲಗಾಲಿನವೇ ಹೆಚ್ಚು, ಎಡಗಾಲಿನವು ಕಡಿಮೆ. ಅಡಿಯಲ್ಲಿ ಕಬ್ಬಿಣದ ಮೊಳೆ, ಒಳಗೆ ಧೂಳು. ಹುಡುಗರು ಮುಗಿಬಿದ್ದು ಹಾಕಿಕೊಂಡರು. ದೊಡ್ಡವಾದದ್ದಕ್ಕೆ ಚಿಂದಿ ತುರುಕಿದರು. ಆ ಬೂಟಿನ ಭಾರಕ್ಕೆ ಅವರಿಗೆ ಓಡಲೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಮುಂದಾಳಿನ ಹಿಮ್ಮಡಿ ಸುಲಿದು ರಕ್ತ ಬಂತು. ಅವನು ಕೂತು, ಚಿಂದಿ ಸರಿಮಾಡಿಕೊಂಡು, ಮತ್ತೆ ಎದ್ದ.

"ಇನ್ನ ಯಾರೂ ನಗಾಂಗಿಲ್ರಿ ಸಾರ್" ಅಂದ.

ಸೀಟಿ ಊದಿ ಎಲ್ಲರನ್ನೂ ಕರೆದೆ. ಕೂಡಿಸಿದೆ. ನಾನು ನಿಂತೇ ಇದ್ದೆ, ಕೂತರೆ ಏಳುವುದು ಕಷ್ಟ.

"ಬೂಟಿಲ್ಲ ಅಂತ ಅವ್ರು ನಗಲಿಲ್ಲ" ಅಂದೆ. "ನಾ ಅವತ್ತು ಸುಳ್ಳು ಹೇಳಿದ್ನಿ. ಅವ್ರು ನಕ್ಕಿದ್ದು ನನ್ನ ಕಾಲಿಗೆ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದರ್ಜಿಯ ಮಗ ಹೇಳಿದ, "ನೀವು ಆಡ್ಲೇ ಇಲ್ಲಲ್ರಿ ಸಾರ್."

ಹೇಗೆ ತಿಳಿಸಿ ಹೇಳುವುದು? ಬೂಟು ಬಿಚ್ಚಿಸಿದೆ. ಐದು ಜನ ಒದೆಯಿರಿ, ಐದು ಜನ ನೋಡಿರಿ, ಚೆಂಡು ನೋಡಬೇಡಿರಿ, ಕಾಲು ನೋಡಿರಿ ಅಂದೆ. ಮೊದಲು ಏನೂ ಕಾಣಲಿಲ್ಲ ಅವರಿಗೆ. ಆಮೇಲೆ ನಾನು ಅವರ ಮುಂದೆ ಈ ಕಡೆಯಿಂದ ಆ ಕಡೆಗೆ ನಡೆದು ತೋರಿಸಿದೆ. ನಡೆದು, ನಿಂತು, ಒದ್ದೆ. ಒಬ್ಬ ಹುಡುಗ ಫಕ್ಕನೆ ನಕ್ಕ. ನಕ್ಕವನು ತಕ್ಷಣ ಬಾಯಿ ಮುಚ್ಚಿಕೊಂಡ. ಆಮೇಲೆ ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು ನನಗೆ.

ಮುಂದಾಳು ತಲೆ ಕೆಳಗೆ ಹಾಕಿ ಹೇಳಿದ, "ನಡಿಯಾಗ ನೀವು ಕುಂಟೋದು ನಮಗ ಗೊತ್ತಿತ್ರಿ ಸಾರ್. ಒದಿಯಾಗ ಮಾಡೋದು ಆಟದ ಪದ್ಧತಿ ಅಂದ್ಕಂಡಿದ್ವಿ."

ಬೂಟುಗಳನ್ನು ಅವನೇ ಚೀಲಕ್ಕೆ ತುಂಬಿಕೊಂಡು ಹೋದ.

ಮರುದಿನದಿಂದ ತಿದ್ದಲು ನಿಂತೆ. ತೋರಿಸುವ ಹಾಗಿಲ್ಲ, ತೋರಿಸಿದರೆ ಮತ್ತೆ ಅದನ್ನೇ ಕಲಿಯುತ್ತಾರೆ. ಬಾಯಲ್ಲೇ ಹೇಳಬೇಕು. ಮೊಣಕಾಲು ಮಡಚಿರಿ ಅಂದರೆ ಮಡಚಿಯೇ ನಿಲ್ಲುತ್ತಿದ್ದರು, ಒದೆಯುವಾಗ ಮತ್ತೆ ಕಟ್ಟಿಗೆ. ಶಾಲೆಯ ಕಟ್ಟೆಯ ಮೇಲೆ ಕೂಡಿಸಿ ಕಾಲು ತೂಗಾಡಿಸಲು ಹೇಳಿದೆ, ಅಲ್ಲಿ ಎಲ್ಲರ ಮೊಣಕಾಲೂ ಚೆನ್ನಾಗಿ ಮಡಚುತ್ತಿದ್ದವು. ಕೆಳಗಿಳಿದು ಚೆಂಡಿನ ಮುಂದೆ ನಿಂತರೆ ಆ ಕುಪ್ಪಳ ತಾನಾಗಿ ಬರುತ್ತಿತ್ತು. ಮುಂದಾಳಿನ ಕಾಲನ್ನು ಕೈಯಲ್ಲಿ ಹಿಡಿದು, ಹೀಗೆ ಹಿಂದಕ್ಕೆ, ಹೀಗೆ ಮುಂದಕ್ಕೆ ಎಂದು ಮಡಚಿ ಬಿಡಿಸಿ ನೋಡಿದೆ. ಎಷ್ಟು ಸುಲಭವಾಗಿ ಮಡಚುತ್ತಿತ್ತು ಆ ಕಾಲು! ಯಾವ ಅಡ್ಡಿಯೂ ಇಲ್ಲ, ನೋವೂ ಇಲ್ಲ. ಮಣ್ಣಿನ ಮೇಲೆ ಅವನ ಪಕ್ಕ ಬಲಗಾಲು ಚಾಚಿಕೊಂಡು ಕೂತು ಅವನ ಕಾಲನ್ನು ಮಡಚುತ್ತಾ ಮಡಚುತ್ತಾ, ಇದನ್ನು ಹೀಗೆ ಮಾಡಿದವನು ನಾನಲ್ಲವೇ ಅನ್ನಿಸಿ ಕೈ ಬಿಟ್ಟೆ.

ಬಳ್ಳಾರಿಗೆ ಕಾಗದ ಬರೆದೆ. ಗೆಳೆಯ ಒಂದು ಭಾನುವಾರ ಬೆಳಗಿನ ಬಸ್ಸಿಗೆ ಬಂದ. ಹುಡುಗರೆಲ್ಲ ಸೇರಿದರು. ಅವನಿಗೆ ಮೈ ಬಂದಿತ್ತು, ಆದರೂ ಒದೆತ ಹಳೆಯದೇ. ಓಡಿ ಬಂದು, ಕಾಲು ಚಾಟಿಯ ಹಾಗೆ ಮಡಚಿ ಬಿಚ್ಚಿ ಒದ್ದನೆಂದರೆ ಚೆಂಡು ಬಯಲು ದಾಟಿ ಗದ್ದೆಯ ಬದುವಿಗೆ ಹೋಗಿ ಬಿತ್ತು. ಹುಡುಗರು ಬಾಯಿ ಬಿಟ್ಟು ನೋಡಿದರು. ನಾನೂ ನೋಡಿದೆ. ನಿಜ ಹೇಳಬೇಕೆಂದರೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಅವನು ಅವರ ನಡುವೆ ನಿಂತು ಇಡೀ ದಿನ ಒದ್ದ, ಒದೆಸಿದ. ಅವನು ಎದುರಿಗಿದ್ದಷ್ಟು ಹೊತ್ತು ಹುಡುಗರ ಕಾಲುಗಳೂ ಮಡಚಿದವು. ಸಂಜೆ ಬಸ್ಸು ಹತ್ತುವಾಗ, "ಕಲ್ತಾರ ಬಿಡಲೇ, ಚಿಂತಿ ಮಾಡಬ್ಯಾಡ" ಅಂದ. ಮುಂದಿನ ವಾರ ಬರಲು ಅವನಿಗೆ ಮಿಲ್ಲಿನಿಂದ ಬಿಡುವು ಸಿಗಲಿಲ್ಲ. ಹತ್ತಿಯ ಹಂಗಾಮು ಶುರುವಾಗಿತ್ತು.

ಎಂಟು ದಿನ ನಡೆಯಿತು ಹೊಸ ಒದೆತ. ಚೆಂಡು ದೂರ ಹೋಗುತ್ತಿತ್ತು, ಆದರೆ ಬೇಕಾದಲ್ಲಿಗೆ ಹೋಗುತ್ತಿರಲಿಲ್ಲ. ಒಂದು ಸಲ ಹೆಡ್‌ಮಾಸ್ತರ ಕೋಣೆಯ ಹೆಂಚಿಗೆ ಬಿತ್ತು. ಹುಡುಗರು ಒಬ್ಬರನ್ನೊಬ್ಬರು ಗೇಲಿ ಮಾಡಿದರು. ಒಂಬತ್ತನೆಯ ದಿನ ಅವರವರಲ್ಲೇ ಎರಡು ಗುಂಪು ಮಾಡಿಕೊಂಡು ಆಡಿದಾಗ ಮುಂದಾಳು ಹಳೆಯ ಹಾಗೆ ಒದ್ದು ಎರಡು ಗೋಲು ಹೊಡೆದ. ಉಳಿದವರೂ ಹಳೆಯದಕ್ಕೇ ಬಂದರು. ನಾನು ಸೀಟಿ ಊದಿ ನಿಲ್ಲಿಸಿದೆ.

"ಸಾರ್, ಹೊಸಾದು ಬ್ಯಾಡ್ರಿ" ಅಂದ ಮುಂದಾಳು. "ಹಳೇದ್ರಾಗ ಆದ್ರ ಚೆಂಡು ಎಲ್ಲಿಗೆ ಹೋಗ್ತೈತಿ ಗೊತ್ತಾಗ್ತೈತಿ."

"ಬಳ್ಳಾರ್ಯಾಗ ಮತ್ತ ನಗತಾರಲೋ."

"ನಗಲಿ ಬಿಡ್ರಿ."

ಅವನು ನನ್ನ ಮೇಲಿನ ಮರುಕಕ್ಕೆ ಹಾಗಂದನೇ, ನಿಜವಾಗಿಯೂ ಅವನಿಗೆ ಅದೇ ಸುಲಭವಾಗಿತ್ತೇ, ಇಂದಿಗೂ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ. ಸೀಟಿ ಊದಿದೆ, ಆಟ ಮುಂದುವರಿಯಿತು.

ಹೆಡ್‌ಮಾಸ್ತರ ಹತ್ತಿರ ಹೋಗಿ, ಈ ಕೆಲಸದಿಂದ ನನ್ನನ್ನು ಬಿಡಿಸಿರಿ, ಬೇರೆ ಯಾವುದಾದರೂ ಕ್ಲಾಸು ಕೊಡಿರಿ ಎಂದು ಕೇಳಿಕೊಂಡೆ. ಅವರು ಪೂರ್ತಿ ಕೇಳಿದರು. ಕೇಳಿ ನಕ್ಕರು.

"ಹುಡುಗ್ರು ಮಾಸ್ತರನ್ನ ನೋಡಿ ಕಲಿಯೋದು ಒಳ್ಳೇದಲ್ಲೇನ್ರಿ? ನನ್ನ ಇಂಗ್ಲಿಷ್ ಕಲ್ತು ಎಷ್ಟು ಮಂದಿ ಕೆಟ್ಟಾರೋ, ನಾ ಏನು ಬಿಟ್ಟು ಹೋದ್ನೇನು? ಬೋರ್ಡಿಗೆ ಬರೀತೀನಿ. ಹೊಸಬ್ರು ಬರೋತನಕ ನಡಸ್ರಿ."

ಅವರು ಬರೆದರು ಎಂದೇ ನಂಬಿದ್ದೇನೆ. ಎರಡು ವರ್ಷ ಯಾರೂ ಬರಲಿಲ್ಲ. ಆ ಎರಡು ವರ್ಷ ನಾನು ಒಂದು ಸಲವೂ ಚೆಂಡು ಒದೆಯಲಿಲ್ಲ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು ಬಾಯಲ್ಲೇ ಹೇಳುತ್ತಿದ್ದೆ. ಕೆಳಗಿನ ತರಗತಿಯಿಂದ ಹೊಸ ಹುಡುಗರು ಬಂದರು. ಇವರು ನನ್ನ ಒದೆತ ನೋಡಿದವರಲ್ಲ, ಇವರಾದರೂ ಸರಿಯಾಗಿ ಕಲಿತಾರು ಎಂದು ಆಸೆಯಿತ್ತು. ತಿಂಗಳೊಳಗೆ ಅವರ ಕಾಲಿಗೂ ಆ ಕುಪ್ಪಳ ಬಂತು. ಅವರು ದೊಡ್ಡ ಹುಡುಗರನ್ನು ನೋಡಿ ಕಲಿತಿದ್ದರು. ಒಬ್ಬ ಚಿಕ್ಕ ಹುಡುಗನನ್ನು ಕರೆದು, ಯಾಕೆ ಹಾಗೆ ಕುಪ್ಪಳಿಸುತ್ತೀ ಎಂದು ಕೇಳಿದೆ. "ಅಂಗಾ ಒದೀಬೇಕಲ್ರಿ ಸಾರ್" ಅಂದ, ನನಗೇ ಗೊತ್ತಿಲ್ಲವೇನೋ ಎನ್ನುವ ಹಾಗೆ. ನಾನು ಕುರ್ಚಿಯಲ್ಲಿ ಕೂತು ಸಂಜೆ ಸಂಜೆ ಅದನ್ನು ನೋಡಿದೆ. ಬೇರೆ ಏನು ಮಾಡಬೇಕಿತ್ತೋ ನನಗೆ ಹೊಳೆಯಲಿಲ್ಲ. ಬಳ್ಳಾರಿಯ ಪಂದ್ಯಾಟಕ್ಕೆ ಕಾಗದ ಬಂದಾಗಲೆಲ್ಲ, ಬಯಲು ಸರಿಯಿಲ್ಲ, ಅಭ್ಯಾಸ ಸಾಲದು ಎಂದು ಬರೆದು ಹಾಕಿದೆ.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಹೊಸ ಡ್ರಿಲ್ ಮಾಸ್ತರು ಬಂದರು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಚಡ್ಡಿ, ಕ್ಯಾನ್ವಾಸ್ ಬೂಟು. ಮೊದಲ ದಿನ ಬಯಲು ತೋರಿಸಲು ನಾನೇ ಕರೆದುಕೊಂಡು ಹೋದೆ. ಹುಡುಗರು ಆಡುತ್ತಿದ್ದರು. ಅವರು ಸ್ವಲ್ಪ ಹೊತ್ತು ನೋಡಿದರು, ಹುಬ್ಬು ಗಂಟಿಕ್ಕಿದರು.

"ಏನ್ರೀ ಮಾಸ್ತರ, ಈ ಹುಡುಗ್ರಿಗೆಲ್ಲಾ ಕಾಲಿಗೆ ಏನಾಗೇತ್ರಿ? ಈ ಊರ ನೀರಿನ್ಯಾಗ ಏನರ ಐತೇನು?"

"ನಾನು ಕಲಿಸಿದ್ದು" ಅಂದೆ.

ಅವರು ಆಗ ನನ್ನ ಕಾಲು ನೋಡಿದರು. ನಾನು ಕುಂಟುವುದನ್ನು ಅದುವರೆಗೆ ಗಮನಿಸಿದ್ದರೋ ಇಲ್ಲವೋ. ಮುಖ ಕೆಂಪಗಾಯಿತು. "ತಪ್ಪಾತ್ರಿ, ತಪ್ಪು ತಿಳೀಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ತಪ್ಪು ಅವರದೇನಿತ್ತು? ಒಂದು ತಿಂಗಳು ಅವರೂ ತಿದ್ದಲು ನೋಡಿದರು. ಆಮೇಲೆ ಈ ಎರೆಭೂಮಿಯಲ್ಲಿ ಫುಟ್‌ಬಾಲ್ ಆಗದ ಮಾತು ಎಂದು ಹೇಳಿ, ಎರಡು ಕಂಬ ನೆಟ್ಟು ವಾಲಿಬಾಲ್ ಶುರು ಮಾಡಿದರು. ಹುಡುಗರಿಗೆ ಅದು ಬೇಗ ಹಿಡಿಯಿತು. ನನಗೆ ಚಿಕ್ಕ ತರಗತಿಗಳ ಗಣಿತ ಕೊಟ್ಟರು. ಚೆಂಡು ನನ್ನ ಕಪಾಟಿನಲ್ಲೇ ಉಳಿಯಿತು, ಯಾರೂ ಕೇಳಲಿಲ್ಲ.

ಮುಂದಾಳು ಆ ಹೊತ್ತಿಗೆ ಶಾಲೆ ಬಿಟ್ಟು ಮಾವನ ಅಕ್ಕಿ ಮಿಲ್ಲಿಗೆ ಸೇರಿದ್ದ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಬಂದ. ಮೈಯೆಲ್ಲ ತೌಡಿನ ಧೂಳು. ಹಳೆಯ ಹುಡುಗರು ಸೇರಿ ಭಾನುವಾರ ಭಾನುವಾರ ಹೊಳೆಯ ಮರಳಿನಲ್ಲಿ ಆಡುತ್ತೇವೆ, ಆ ಚೆಂಡು ಕೊಡುತ್ತೀರಾ ಎಂದು ಕೇಳಿದ. ಕಪಾಟು ತೆಗೆದು ಕೊಟ್ಟೆ.

"ನೀವೂ ಬರ್ರಿ ಸಾರ್. ಸುಮ್ನ ಕುಂದರ್ರಿ, ಸಾಕು" ಅಂದ.

ಬರುತ್ತೇನೆ ಅಂದೆ, ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಅವರು ಹೇಗೆ ಆಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಚೆಂಡು ವಾಪಸು ತಂದುಕೊಟ್ಟ. ಬ್ಲಾಡರ್ ಒಡೆದಿತ್ತು, ತೊಗಲು ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಆಡಲು ಈಗ ಮಂದಿ ಸೇರುವುದಿಲ್ಲ, ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಹತ್ತಿದರು ಎಂದ. ಸ್ವಲ್ಪ ಹೊತ್ತು ಕೂತ. ಮಿಲ್ಲಿನ ವಿಷಯ, ತೆಕ್ಕಲಕೋಟೆಯ ಅವನ ತಂದೆಯ ವಿಷಯ ಮಾತಾಡಿದೆವು. ಗಂಟೆ ಹೊಡೆಯಿತು. ನಾನು ಗಣಿತದ ಪುಸ್ತಕ ತೆಗೆದುಕೊಂಡು ಮೇಜು ಹಿಡಿದು ಏಳಲು ನೋಡಿದೆ. ಅವನು ಬೇಗ ಬಂದು ನನ್ನ ತೋಳು ಹಿಡಿದು ಎಬ್ಬಿಸಿ, ಕ್ಲಾಸಿನ ಬಾಗಿಲವರೆಗೆ ಜೊತೆಗೆ ಬಂದ.